ಕಣ್ಣಿರುವ ಹೋಳು

ಮೇ ತಿಂಗಳು. ಹಾಸನದ ಕೋಲ್ಡ್ ಸ್ಟೋರೇಜಿನ
ಕಬ್ಬಿಣದ ಬಾಗಿಲು ತೆಗೆದಾಗ
ಹೊರಗೆ ನುಗ್ಗುವ ಹೊಗೆಯಂಥ ಚಳಿಗೆ
ಲೋಹಿತ ನಗುತ್ತಾನೆ.
ಇವತ್ತಿಗೆ ಅಷ್ಟು ಸಾಕು.

ನಾನು ಬಿತ್ತನೆ ಆಲೂಗೆಡ್ಡೆ ಕತ್ತರಿಸುವವಳು.
ಹೋಳಿಗೆ ಎರಡು ಕಣ್ಣು ಉಳಿಯಬೇಕು,
ಕಣ್ಣಿಲ್ಲದ್ದು ಸಾರಿಗೆ.
ಮೂಟೆಗೆ ಇಷ್ಟು ಅಂತ ಕೂಲಿ.
ಪಕ್ಕದಲ್ಲಿ ಗೋಣಿತಾಟಿನ ಮೇಲೆ
ಅಕ್ಕನ ಮಗ, ಒಂಬತ್ತು ವರ್ಷ,
ಹೋಳುಗಳ ಕಣ್ಣೆಣಿಸುತ್ತಾನೆ:
ಒಂದು, ಎರಡು, ಮೂರು,
ಆಮೇಲೆ ಮತ್ತೆ ಒಂದು.

ಹೋದ ವರ್ಷ ನೂರರ ತನಕ ಹೋಗುತ್ತಿದ್ದ.

ಮೊದಲು ಹೇಳಿದ್ದು ಚಪ್ಪಲಿ.
ಹಿಮ್ಮಡಿ ಹೊಸದಾಗೇ ಉಳಿದು
ಮುಂಭಾಗ ಮಾತ್ರ ಸವೆದಿತ್ತು.
ತುದಿಗಾಲಲ್ಲಿ ಓಡುತ್ತಾನೆ, ತುಂಟ, ಅಂದುಕೊಂಡೆ.
ಆಮೇಲೆ ಅಂಗಿಯ ಗುಂಡಿ.
ತಾನೇ ಹಾಕಿಕೊಳ್ಳುತ್ತಿದ್ದವನ ಬೆರಳು
ಕಾಜದ ಮುಂದೆ
ಗುರುತಿಲ್ಲದ ಮನೆಯ ಹೊಸ್ತಿಲಲ್ಲಿ ನಿಂತ ಹಾಗೆ ನಿಂತಿತು.
ಆಮೇಲೆ ಮಾತು.
ಮೊಣಕಾಲಿಗೆ ‘ಇದು’, ತಟ್ಟೆಗೆ ‘ಅದು’.
ಚಿಕ್ಕವ್ವ ಅನ್ನುತ್ತಿದ್ದ ನನ್ನನ್ನು.
ಯಾವತ್ತೋ ಒಂದು ದಿನ ಮೊದಲರ್ಧ ಉದುರಿಹೋಗಿ
ಬರೀ ಅವ್ವ ಉಳಿಯಿತು.
ಅಳಬೇಕೋ ಓಗೊಡಬೇಕೋ ತಿಳಿಯದೆ
ಓಗೊಟ್ಟೆ.

ದೊಡ್ಡಾಸ್ಪತ್ರೆಯಲ್ಲಿ ಆ ಕೋಣೆಗೆ ನಂಬರು ಮಾತ್ರ.
ಅಲ್ಲಿ ಕೂತವರು ಯಾರ ಊರನ್ನೂ ಕೇಳುವುದಿಲ್ಲ.
ಒಮ್ಮೆ ನಮ್ಮೂರ ಹಾಲಿನ ಡೈರಿಯವನು ಎದುರಿಗೇ ಸಿಕ್ಕಿದ.
ಇಬ್ಬರೂ ಗೋಡೆಯ ಕ್ಯಾಲೆಂಡರು ಓದುತ್ತ ಕೂತೆವು.
ಅದು ಹೋದ ವರ್ಷದ್ದು.

ರಕ್ತ ಚೆನ್ನಾಗಿದೆ, ಅಂದರು ಡಾಕ್ಟರಮ್ಮ,
ವೈರಸ್ಸು ಕಾಣಿಸುತ್ತಲೇ ಇಲ್ಲ, ಮಾತ್ರೆ ತಪ್ಪಿಸಿಲ್ಲ ನೀವು.
ಹಾಗಾದರೆ ಇವನು ಎಲ್ಲಿಗೆ ಹೋಗುತ್ತಿದ್ದಾನೆ?
ಚೀಟಿಯ ಹಿಂದೆ ಒಂದು ತಲೆ ಬರೆದರು,
ಅದರೊಳಗೊಂದು ಬೇಲಿ.
ಔಷಧಿ ಇದನ್ನು ದಾಟುವುದು ಕಷ್ಟ,
ಅದು ಮೊದಲೇ ದಾಟಿ ಒಳಗೆ ಕೂತಿತ್ತು,
ಹೊಟ್ಟೆಯಲ್ಲಿದ್ದಾಗಲೋ, ಹಾಲು ಕುಡಿಯುವಾಗಲೋ.
ಸ್ಕ್ಯಾನಿನ ಹಾಳೆ ಬೆಳಕಿಗೆ ಹಿಡಿದು
ಬಿಳಿ ಚುಕ್ಕಿ ತೋರಿಸಿದರು. ಸುಣ್ಣ ಕಟ್ಟಿದೆ, ಅಂದರು.
ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ,
ಅದನ್ನು ಕೂಸಿನ ತಲೆಯೊಳಗೆ ಯಾರು ಇಟ್ಟರು?

ಅಕ್ಕನಿಗೆ ಗೊತ್ತಿರಲಿಲ್ಲ.
ಎರಡು ವರ್ಷ ಎದೆಗೊತ್ತಿಕೊಂಡೇ ಸಾಕಿದಳು.
ಹೋಗುವ ವಾರ
‘ಹಾಲು ಬಿಡಿಸಬಾರದಿತ್ತು, ಸೊರಗಿದ್ದಾನೆ’ ಅಂದಳು.

ಕತ್ತರಿಸುವ ಹೆಂಗಸರಲ್ಲಿ ಹಿರಿಯಳು ಬೋರಮ್ಮ:
ಗಾಳಿ ಸೋಕಿದೆ ಕಣೇ, ತಾಯತ ಕಟ್ಟಿಸು.
ಕಟ್ಟಿಸಿದೆ.
ಮಾತ್ರೆಯನ್ನೂ ಬಿಡಲಿಲ್ಲ.
ಡಬ್ಬಿಯ ಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದಿದ್ದೇನೆ,
ಮೆಂತ್ಯದ ಪಕ್ಕ ಅದೂ ಒಂದು ಡಬ್ಬಿ.

ಬೆಳಿಗ್ಗೆ ಹರಳೆಣ್ಣೆ ಸವರಿ, ಹಿಮ್ಮಡಿ ಹಿಡಿದು
ಪಾದವನ್ನು ಮೇಲಕ್ಕೆ ಒತ್ತಬೇಕು,
ಇಪ್ಪತ್ತು ಎಣಿಸುವವರೆಗೆ.
ಎಣಿಸುವುದು ಅವನ ಕೆಲಸ.
ಒಂದು, ಎರಡು, ಮೂರು, ಒಂದು.
ಹಾಗಾಗಿ ನಮ್ಮ ಇಪ್ಪತ್ತು ಬಹಳ ಉದ್ದ,
ಬಸ್ಸು ತಪ್ಪುವಷ್ಟು.

ನಿನ್ನೆ ನಾನು ಸಾರಿನ ಗುಡ್ಡೆಗೆ ಎಸೆದ ಹೋಳೊಂದನ್ನು
ಹೆಕ್ಕಿ ತಂದು ನನ್ನ ಮಡಿಲಿಗೆ ಹಾಕಿದ.
ಅವ್ವ, ಕಣ್ಣು.
ತಿರುಗಿಸಿ ನೋಡಿದೆ. ಹೌದು,
ಸಿಪ್ಪೆ ಮಡಿಸಿದಲ್ಲಿ
ಸಾಸಿವೆಯಷ್ಟು ಕೆಂಪಗೆ ಒಂದು.
ಮೇಸ್ತ್ರಿ ಒಪ್ಪಲಿಲ್ಲ. ಎರಡಿರಬೇಕು, ಅಂದ,
ಒಂಟಿಗಣ್ಣಿನದು ತಗೊಂಡು ರೈತರಿಗೆ ಏನು ಹೇಳಲಿ?

ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ.
ಹಿತ್ತಲಿಲ್ಲ ನಮಗೆ, ಬಣ್ಣದ ಡಬ್ಬದಲ್ಲಿ ಮಣ್ಣು ತುಂಬಿ ಇಟ್ಟೆವು.
ಅವನು ಅಂಗೈಯಲ್ಲಿ ತಟ್ಟಿ ತಟ್ಟಿ ಮುಚ್ಚಿದ.
ಕೆದಕಬೇಡ, ಕೆದಕಿದರೆ ಕೊಳೆಯುತ್ತೆ
ಅಂತ ಗದರಿಸಿದ್ದೇನೆ.

ರಾತ್ರಿ ಎಂಟಕ್ಕೆ ಮೊಬೈಲು ಕೂಗುತ್ತದೆ.
ಮಾತ್ರೆ, ನೀರು, ಬಾಯಿ ತೆಗೆದು ತೋರಿಸು, ಜಾಣ.
ಅವನು ನಿದ್ದೆ ಹೋದ ಮೇಲೆ
ನಾನೇ ಹೋಗಿ ಕೆದಕುತ್ತೇನೆ.